ಹಳೆಯ ಬೋರ್ಡಿಗೆ ಕೊನೆಯ ಪ್ರೊಸೆಸರ್

ಮನೆಯಲ್ಲಿ ಎಲ್ಲರೂ ಅವನನ್ನು ನಾಳೆರಾಯ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವಳು ಹೆತ್ತ ತಾಯಿಯೇ. ಅಚ್ಚುಕೂಟದಲ್ಲಿ ಕೆಲಸ ಮಾಡುವ ಈ ಹಿರಿಮಗ ಕಂಪ್ಯೂಟರಿನ ಬಗ್ಗೆ ಓದಿ ಅರಗಿಸಿಕೊಂಡಷ್ಟು ಆ ಬೀದಿಯಲ್ಲಿ ಇನ್ನಾರೂ ಓದಿರಲಿಲ್ಲ. ಆದರೆ ತನಗೆಂದು ಒಂದನ್ನೂ ಕೊಂಡಿರಲಿಲ್ಲ. ಕೊಳ್ಳಬೇಕು ಅನ್ನುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಅದು ಬಂತು ಅನ್ನುವಷ್ಟರಲ್ಲಿ ಮತ್ತೊಂದರ ಸುದ್ದಿ.

ತಂಗಿ ಹಾಗಲ್ಲ. ಮಹಡಿಯ ಸಣ್ಣ ಕೋಣೆಯಲ್ಲಿ ಕೂತು ಶಾಲೆಯ ಪಾಠಗಳಿಗೆ ಅನಿಮೇಷನ್ ಮಾಡಿಕೊಡುವುದು ಅವಳ ಕೆಲಸ. ಬೀಜ ಮೊಳೆಯುವುದು, ಹೃದಯ ಬಡಿಯುವುದು, ಇಂಥವು. ಇದ್ದ ಕಂಪ್ಯೂಟರಿಗೆ ವಯಸ್ಸಾಗಿತ್ತು. ಒಂದು ದೃಶ್ಯ ಒಪ್ಪಿಸಿದರೆ ಅದು ಬುಸುಗುಡುತ್ತ ಚಿತ್ರಕ್ಕೆ ಚಿತ್ರ ಕೂಡಿಸಿ ಮುಗಿಸುವ ಹೊತ್ತಿಗೆ ಅವಳ ಅಡುಗೆ ಆಗಿ, ಬಟ್ಟೆ ಒಣಗಿ, ಒಂದು ನಿದ್ದೆಯೂ ಆಗಿರುತ್ತಿತ್ತು. ಅವಳೇನೂ ಬೇಸರ ಮಾಡಿಕೊಂಡಿರಲಿಲ್ಲ. ಬೀಜಕ್ಕೇನು ಅವಸರ?

ಅವಸರ ಬಂದದ್ದು ತಾಯಿಗೆ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಮಾತು ಬಿದ್ದುಹೋದ ಮೇಲೆ. ಕೈಕಾಲು ಹೆಚ್ಚುಕಡಿಮೆ ಸರಿಹೋದವು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ನಾಲಿಗೆ ಮಾತ್ರ ದಾರಿ ಮರೆತಿತ್ತು. ಬೀದಿಯ ಆ ತುದಿಗೂ ಕೇಳುವಂತೆ ಮಾತಾಡುತ್ತಿದ್ದ ಹೆಂಗಸು ಈಗ ಬೆರಳು ತೋರಿಸುತ್ತಿದ್ದಳು. ಅದೂ ಯಾರಿಗೂ ತಿಳಿಯದೆ ಹೋದರೆ ಗೋಡೆಯ ಕಡೆಗೆ ಹೊರಳಿ ಮಲಗಿಬಿಡುತ್ತಿದ್ದಳು.

ಮಾತು ಕಲಿಸಲು ಮನೆಗೆ ಬರುತ್ತಿದ್ದ ಟೀಚರ್ ಒಂದು ದಿನ ಮಹಡಿ ಹತ್ತಿ ಬಂದವರು, ಪರದೆಯ ಮೇಲೆ ಬಡಿಯುತ್ತಿದ್ದ ಹೃದಯವನ್ನು ನೋಡಿ ನಿಂತರು.

"ಬಾಯಿ ಒಳಗಡೆ ಏನಾಗುತ್ತೆ ಅಂತ ಹೀಗೇ ತೋರಿಸೋಕಾಗುತ್ತಾ? ನಾನು ಹೇಳಿಕೊಡುವಾಗ ಅಮ್ಮನಿಗೆ ನನ್ನ ತುಟಿ ಕಾಣುತ್ತೆ, ನಾಲಿಗೆ ಕಾಣಲ್ಲ. ಅದು ಎಲ್ಲಿ ತಾಗುತ್ತೆ, ಯಾವಾಗ ಬಿಡುತ್ತೆ ಅಂತ ನಿಧಾನವಾಗಿ ತೋರಿಸಿದ್ರೆ ಅವರಿಗೆ ಹಿಡಿತ ಸಿಗಬಹುದು."

"ಆಗುತ್ತೆ ಮೇಡಂ."

"ಹಾಗಾದ್ರೆ ತಡ ಮಾಡ್ಬೇಡಿ. ಈ ಮೊದಲ ತಿಂಗಳುಗಳಲ್ಲಿ ಬಂದಷ್ಟು ಸಲೀಸಾಗಿ ಆಮೇಲೆ ಬರಲ್ಲ."

ತಂಗಿ ಮೊದಲು 'ತ' ಕಾರ ಮಾಡಿದಳು. ಕಂಪ್ಯೂಟರು ಅದನ್ನು ತನ್ನ ಗತ್ತಿನಲ್ಲೇ ಮುಗಿಸಿತು. ಟೀಚರ್ ನೋಡಿ, ನಾಲಿಗೆಯ ತುದಿ ಹಲ್ಲಿಗೆ ಇನ್ನೂ ಸರಿಯಾಗಿ ತಾಗಬೇಕು ಅಂದರು. ತಿದ್ದಿದಳು. ಮತ್ತೆ ಅಷ್ಟೇ ಕಾಯುವಿಕೆ. ಹೀಗಾದರೆ ಕಾಗುಣಿತ ಮುಗಿಯುವಷ್ಟರಲ್ಲಿ ಊಟಕ್ಕಿಲ್ಲದ ಉಪ್ಪಿನಕಾಯಿ ಆದೀತು ಅನ್ನಿಸಿತು ಅವಳಿಗೆ.

"ಅಣ್ಣಾ, ಇದಕ್ಕೊಂದು ಒಳ್ಳೆ ಪ್ರೊಸೆಸರ್ ಹಾಕ್ಬೇಕು."

"ಈಗ ಬೇಡ," ಅಂದ ನಾಳೆರಾಯ. "ನಿನ್ನ ಮದರ್‌ಬೋರ್ಡಿನ ಕಾಲ ಮುಗೀತು. ಅದಕ್ಕೆ ಕೂರೋದರಲ್ಲಿ ಇನ್ನೊಂದೇ ಒಂದು ಒಳ್ಳೇದಿದೆ, ಅದೇ ಕೊನೇದು. ಈಗ ಬರ್ತಿರೋದಕ್ಕೆ ಬೋರ್ಡೇ ಬೇರೆ, ಮೆಮೊರಿನೂ ಬೇರೆ. ಹಳೇದಕ್ಕೆ ಹಾಕಿದ್ರೆ ಮುಂದೆ ದಾರಿನೇ ಇಲ್ಲ."

"ಹಾಗಾದ್ರೆ ಹೊಸದನ್ನೇ ತಗೊಳ್ಳೋಣ."

"ಅದೂ ಈಗಲೇ ಬೇಡ. ಮೊದಮೊದಲು ಬರೋ ಬೋರ್ಡಲ್ಲಿ ಏನಾದ್ರೂ ತಕರಾರು ಇದ್ದೇ ಇರುತ್ತೆ. ಮಳೆಗಾಲ ಕಳೀಲಿ. ತಾಳಿದವನು ಬಾಳಿಯಾನು."

"ತಾಳಿದವನು ಬಾಳ್ತಾನೆ, ಸರಿ. ಅವನ ಅಮ್ಮ?"

ತಂಗಿಗೆ ತಾನಾಡಿದ ಮಾತು ಸ್ವಲ್ಪ ಖಾರವಾಯಿತು ಅನ್ನಿಸಿ ದನಿ ಇಳಿಸಿದಳು. "ನೀನು ಹೇಳೋದು ಸುಳ್ಳಲ್ಲ ಅಣ್ಣ. ಐದು ವರ್ಷದ ಮೇಲೆ ಏನು ಸಿಗುತ್ತೆ ಅಂತ ನೀನು ನೋಡ್ತೀಯ. ನನಗೆ ಈ ನಾಲ್ಕು ತಿಂಗಳು ನಡೆದ್ರೆ ಸಾಕು. ಕೊನೇದಾದ್ರೆ ಕೊನೇದೇ ಇರ್ಲಿ."

ಬಾಗಿಲ ಬಳಿ ಠಕ್ ಎಂದು ಸದ್ದಾಯಿತು. ಯಾವಾಗ ಮೆಟ್ಟಿಲು ಹತ್ತಿ ಬಂದಿದ್ದಳೋ, ತಾಯಿ ಊರುಗೋಲು ಕುಟ್ಟಿ ನಿಂತಿದ್ದಳು. ಬೆರಳನ್ನು ಮಗನ ಕಡೆ ತೋರಿಸಿದಳು, ಆಮೇಲೆ ಬೀದಿಯ ಕಡೆ. ಈ ಸಲ ಅದು ಯಾರಿಗೂ ತಿಳಿಯದೆ ಹೋಗಲಿಲ್ಲ.

ಅವನು ಚಪ್ಪಲಿ ಮೆಟ್ಟಿ ಹೊರಟ. ಅಂಗಡಿಯವರೆಲ್ಲ ಹಳೆಯ ಸರಕು ಖಾಲಿ ಮಾಡಿ ಹೊಸದನ್ನು ಜೋಡಿಸುತ್ತಿದ್ದರು. ಕೇಳಿದಲ್ಲೆಲ್ಲ ಇಲ್ಲ ಎಂಬ ಉತ್ತರ. ಕೊನೆಗೆ ಪೇಟೆಯ ಆಚೆ ತುದಿಯ ಅಂಗಡಿಯೊಂದರಲ್ಲಿ ಮೂಲೆ ಜಜ್ಜಿದ ಪೆಟ್ಟಿಗೆ ಸಿಕ್ಕಿತು. ಮಧ್ಯಾಹ್ನ ಬೆವರಿಳಿಸುತ್ತ ಬಂದು, ಉಣ್ಣದೆಯೇ ಕಂಪ್ಯೂಟರು ಬಿಚ್ಚಿ ಕೂತ.

ಹೊಸದನ್ನು ಕೂರಿಸಿ ಸ್ವಿಚ್ ಒತ್ತಿದ. ಫ್ಯಾನು ತಿರುಗಿತು. ಪರದೆ ಕಪ್ಪಾಗಿಯೇ ಉಳಿಯಿತು. ಕಳಚಿ ಮತ್ತೆ ಕೂರಿಸಿದ. ಕಪ್ಪು. ನಾನು ಮೊದಲೇ ಹೇಳಿದ್ದೆ ಅನ್ನುತ್ತಾನೆ ಎಂದು ತಂಗಿ ಕಾದಳು. ಅವನು ಹಾಗೆ ಅನ್ನಲಿಲ್ಲ. ನೆಲದ ಮೇಲೆ ಕೂತು ಕಣ್ಣು ಮುಚ್ಚಿ, ಯಾವತ್ತೋ ಓದಿದ್ದನ್ನು ಹುಡುಕುವವನಂತೆ ಹಣೆ ಉಜ್ಜಿಕೊಂಡ.

"ಚಿಪ್ ಕೆಟ್ಟಿಲ್ಲ," ಅಂದ ನಿಧಾನವಾಗಿ. "ಈ ಬೋರ್ಡು ಬಂದಾಗ ಈ ಪ್ರೊಸೆಸರ್ ಇನ್ನೂ ಹುಟ್ಟಿರಲಿಲ್ಲ. ಇದಕ್ಕೆ ಅದರ ಗುರುತಿಲ್ಲ. ಬೋರ್ಡಿನೊಳಗಿನ ಸಾಫ್ಟ್‌ವೇರ್ ಹೊಸದು ಮಾಡ್ಬೇಕಿತ್ತು, ಹಳೇ ಪ್ರೊಸೆಸರ್ ಇರುವಾಗಲೇ. ಓದಿದ್ದೆ, ಅವಸರದಲ್ಲಿ ಮರೆತೆ."

"ಅವಸರ ನಿನಗೆ ಅಭ್ಯಾಸ ಇಲ್ಲವಲ್ಲ," ಅಂದಳು ತಂಗಿ. ಇಬ್ಬರಿಗೂ ನಗು ಬಂತು.

ಹಳೆಯದನ್ನು ಮತ್ತೆ ಕೂರಿಸಿದರು. ಪೆನ್‌ಡ್ರೈವಿನಿಂದ ಹೊಸ ಸಾಫ್ಟ್‌ವೇರ್ ಏರುತ್ತಿರುವಾಗ ಕರೆಂಟು ಹೋದರೆ ಬೋರ್ಡೇ ಹಾಳು; ಹೋಗದಿರಲಿ ಎಂದು ಇಬ್ಬರೂ ಕಾದು ನೋಡಿದರು. ಹೋಗಲಿಲ್ಲ. ಆಮೇಲೆ ಹೊಸ ಪ್ರೊಸೆಸರ್ ಹಾಕಿದಾಗ ಪರದೆ ಬೆಳಗಿತು. ತಂಗಿ 'ತ' ಕಾರವನ್ನು ಒಪ್ಪಿಸಿ ಅಣ್ಣನಿಗೆ ತಟ್ಟೆ ಹಾಕಲು ಕೆಳಗಿಳಿದಳು. ಅವನು ಉಂಡು ಕೈ ತೊಳೆಯುವಷ್ಟರಲ್ಲಿ ನಾಲಿಗೆ ಪರದೆಯ ಮೇಲೆ ಮೆಲ್ಲಗೆ ಮೇಲೆದ್ದು ಹಲ್ಲಿಗೆ ತಾಗಿ ಇಳಿಯುತ್ತಿತ್ತು.

ಅಲ್ಲಿಂದ ಕೆಲಸಕ್ಕೆ ಕೈಕಾಲು ಬಂದವು. ಟೀಚರ್ ಬೆಳಿಗ್ಗೆ ಹೇಳಿದ ತಪ್ಪು ಸಂಜೆಗೆ ತಿದ್ದಿ ಆಗಿರುತ್ತಿತ್ತು. ತಾಯಿ ಒಂದು ಕೈಯಲ್ಲಿ ಕನ್ನಡಿ ಹಿಡಿದು, ಪರದೆಯ ಬಾಯಿಯನ್ನೂ ತನ್ನ ಬಾಯಿಯನ್ನೂ ಸರದಿಯಂತೆ ನೋಡುತ್ತ ಕೂರುತ್ತಿದ್ದಳು. ಮೊದಲು ಬರೀ ಗಾಳಿ ಬಂತು, ಆಮೇಲೆ ದನಿ, ಆಮೇಲೆ ಎಲ್ಲ ಅಕ್ಷರವೂ ಒಂದೇ ಥರ. ಸಿಟ್ಟು ಬಂದು ಕನ್ನಡಿ ಮಗುಚಿಟ್ಟದ್ದೂ ಉಂಟು. ಮರುದಿನ ತಾನೇ ಎತ್ತಿಕೊಂಡಳು.

ಒಂದು ಬೆಳಿಗ್ಗೆ ಮಗ ಚಹಾ ತಂದು ಕೊಟ್ಟ. ತುಟಿಗಿಟ್ಟವಳು ತಟ್ಟನೆ ಲೋಟ ಕೆಳಗಿಟ್ಟಳು. ಹುಬ್ಬು ಗಂಟಿಕ್ಕಿ, ಪ್ರತಿ ಅಕ್ಷರಕ್ಕೂ ಬಾಯಿಯನ್ನು ಜೋಡಿಸಿಕೊಂಡು, "ತ... ಣ್ಣ... ಗೆ," ಅಂದಳು.

ಮಗ ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋದ. ಒಲೆಯ ಮುಂದೆ ನಿಂತವನ ಭುಜ ಅಲುಗುತ್ತಿದ್ದುದನ್ನು ತಂಗಿ ಕಂಡೂ ಕಾಣದಂತೆ ಸಕ್ಕರೆ ಡಬ್ಬಿ ಹುಡುಕಿದಳು. ಅವತ್ತೆಲ್ಲ ತಾಯಿಯ ಬಾಯಲ್ಲಿ ಎಲ್ಲವೂ ತಣ್ಣಗೆ: ಸ್ನಾನದ ನೀರು, ಅನ್ನ, ಕೊನೆಗೆ ಬಂದ ಟೀಚರ್ ಕೈ ಕೂಡ.

ಟೀಚರ್ ಹೊರಡುವಾಗ ಚಿತ್ರಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಸಿಕೊಂಡರು. ಮಾತು ಕಳೆದುಕೊಂಡ ಇನ್ನೂ ಕೆಲವರು ಅವರಿಗಾಗಿ ಕಾಯುತ್ತಿದ್ದರು. ತಾಯಿ ಮಗಳ ಸೆರಗು ಜಗ್ಗಿ ತನ್ನ ಗಂಟಲನ್ನು ಮುಟ್ಟಿ ತೋರಿಸಿದಳು. ಗಂಟಲಲ್ಲಿ ಹುಟ್ಟುವ 'ಕ' ಕಾರದ ಚಿತ್ರ ಇನ್ನೂ ಆಗಿರಲಿಲ್ಲ.