ಬಾಕು ಈಗ ಎಲ್ಲಿದೆ

“ಕೈಲಿರೋದನ್ನೂ ಬೆಲ್ಟ್ ಮೇಲೆ ಇಡಿ ಸಾರ್.”

ಕೆಂಪರಾಜ್ ಇಡಲಿಲ್ಲ. ರೇಷ್ಮೆ ಪಂಚೆ, ಪೇಟ, ಕೆನ್ನೆಯ ಮೇಲೊಂದು ದೃಷ್ಟಿಬೊಟ್ಟು. ಬಲಗೈಯಲ್ಲಿ ಗೇಣುದ್ದದ ಬಾಕು, ಅದರ ತುದಿಗೆ ಚುಚ್ಚಿದ ನಿಂಬೆಹಣ್ಣು. ಕೆ.ಆರ್. ಪುರ ಮೆಟ್ರೊ ನಿಲ್ದಾಣದ ತಪಾಸಣೆಯ ಸಾಲು ಅವನ ಹಿಂದೆ ಬೆಳೆಯುತ್ತಿತ್ತು. ಕೊರಳಲ್ಲಿ ಐಡಿ ಕಾರ್ಡು ತೂಗಿಸಿಕೊಂಡವರು ಕತ್ತು ಚಾಚಿ ನೋಡುತ್ತಿದ್ದರು. ಯಾರೋ ಫೋಟೊ ತೆಗೆದರು.

“ಮದುವೆ ಗಂಡು ಮೇಡಂ,” ಎಂದಳು ತಂಗಿ ಸುಕನ್ಯ. “ತಾಳಿ ಕಟ್ಟೋವರ್ಗೂ ಬಾಕು ಬಿಡಂಗಿಲ್ಲ. ಶಾಸ್ತ್ರ.”

“ನಮ್ಮಲ್ಲೂ ಇದೆಯಮ್ಮ. ನಮ್ ಭಾವ ಸ್ನಾನಕ್ಕೂ ಹಿಡ್ಕೊಂಡೇ ಹೋಗಿದ್ರು,” ಎಂದಳು ಭದ್ರತೆಯ ಹೆಂಗಸು. “ಆದ್ರೆ ಇಲ್ಲಿ ಆಗಲ್ಲ. ಮೇಲೆ ಕ್ಯಾಮೆರಾ ನೋಡಿ. ನಾನು ಬಿಟ್ರೂ ಅದು ಬಿಡಲ್ಲ.”

ರಾಮಮೂರ್ತಿ ನಗರದಿಂದ ಹೊರಟ ಮದುವೆ ವ್ಯಾನು ಟಿನ್ ಫ್ಯಾಕ್ಟರಿಯ ಹತ್ತಿರ ಮುಕ್ಕಾಲು ಗಂಟೆ ನಿಂತಲ್ಲೇ ನಿಂತಿತ್ತು. ಮಹದೇವಪುರದ ಕಡೆ ರಸ್ತೆಯಲ್ಲಿ ನೀರು ನಿಂತಿದೆ ಎಂದು ಸುದ್ದಿ. ನೆಂಟರನ್ನು ಅದರಲ್ಲೇ ಬಿಟ್ಟು ಮೂವರು ಇಳಿದು ನಡೆದಿದ್ದರು: ಮದುಮಗ, ತಂಗಿ, ಅಜ್ಜಿ. ಹಲಸೂರಿನ ಛತ್ರದಲ್ಲಿ ಹತ್ತೂಕಾಲಿಗೆ ಮುಹೂರ್ತ ಮುಗಿಯುತ್ತಿತ್ತು. ಈಗ ಒಂಬತ್ತೂವರೆ.

“ಇಲ್ಲೇ ಕೊಟ್ಟು ಹೋಗ್ತೀನಿ ಅಜ್ಜಿ. ಆಮೇಲೆ ಬಂದು ತಗೊಂಡ್ರಾಯ್ತು.”

“ಕೊಟ್ಟೀಯಾ?” ಅಜ್ಜಿ ದೊಡ್ಡಮುನಿಯಮ್ಮ ಅಷ್ಟೇ ಕೇಳಿದಳು.

ಮುಂದಿನದು ಮೂವರಿಗೂ ಗೊತ್ತಿತ್ತು. ಕೆಂಪರಾಜನ ಅಪ್ಪ ಮುನಿಆಂಜನಪ್ಪ ತನ್ನ ಮದುವೆಯ ಬೆಳಿಗ್ಗೆ ಮುಖ ತೊಳೆಯಲು ಬಾಕುವನ್ನು ಬಾವಿಕಟ್ಟೆಯ ಮೇಲೆ ಇಟ್ಟಿದ್ದ. ಮುಖ ತೊಳೆಯುವಷ್ಟೇ ಹೊತ್ತು. ಸುಕನ್ಯಳಿಗೆ ಹಲ್ಲು ಬರುವ ಮೊದಲೇ ಹಳೇ ಮದರಾಸು ರಸ್ತೆಯಲ್ಲಿ ಲಾರಿಯೊಂದು ಅವನನ್ನು ಕೆಡವಿತು. ಬ್ರೇಕ್ ಕೆಟ್ಟಿತ್ತೆಂದು ಪೊಲೀಸರು ಬರೆದುಕೊಂಡರು. ದೊಡ್ಡಮುನಿಯಮ್ಮನಿಗೆ ಇವತ್ತಿಗೂ ಕಾಣುವುದು ಆ ಬಾವಿಕಟ್ಟೆ.

“ಬೈಕ್ ಟ್ಯಾಕ್ಸಿ ಬುಕ್ ಮಾಡ್ತೀನಿ, ನೀನು ಬಾಕು ಸಮೇತ ಹೊರಡು,” ಎಂದು ಸುಕನ್ಯ ಫೋನು ತೆಗೆದಳು. ಮರುಕ್ಷಣ ಮುಖ ಗಂಟಿಕ್ಕಿತು. “ಥೂ, ಬಾಡಿಗೆಗೆ ಮನುಷ್ಯರನ್ನ ಕೂರಿಸ್ಕೊಳ್ಳೋದು ಸರ್ಕಾರ ನಿಲ್ಸಿದೆ. ಬರೀ ಪಾರ್ಸೆಲ್.” ತಲೆಯೆತ್ತಿ ಅಣ್ಣನನ್ನು ನೋಡಿದಳು, ಬಾಕುವನ್ನು ನೋಡಿದಳು. “ಪಾರ್ಸೆಲ್!”

ಆರು ನಿಮಿಷದಲ್ಲಿ ಮೆಟ್ಟಿಲ ಬುಡಕ್ಕೆ ಬಂದ ಸವಾರನ ಹೆಸರು ತೌಹೀದ್. ಶಿವಾಜಿನಗರದವನು; ಗಡ್ಡದಲ್ಲಿ ಒಂದೆರಡು ನರೆ. ಹೊಸ ಟವಲಿನಲ್ಲಿ ಸುತ್ತಿ ಹಳದಿ ಚೀಲಕ್ಕೆ ಹಾಕಿದ್ದನ್ನು ಅವನು ಒತ್ತಿ ನೋಡಿದ.

“ಏನಣ್ಣ ಇದು, ಯಾರನ್ನಾದ್ರೂ ಮುಗಿಸೋಕಾ?”

“ನನ್ನನ್ನೇ. ಮದುವೆ,” ಎಂದ ಕೆಂಪರಾಜ್.

ತೌಹೀದ್ ನಕ್ಕು ಚೀಲವನ್ನು ಜಾಕೆಟ್ಟಿನ ಒಳಗೆ ಇಳಿಸಿದ. “ಹಲಸೂರು ಸ್ಟೇಷನ್ ಕೆಳಗೆ ತಾನೆ? ಸಂದಿಗಳಲ್ಲಿ ನುಗ್ತೀನಿ, ನಿಮಗಿಂತ ಮುಂಚೆ ಇರ್ತೀನಿ.”

ಅಜ್ಜಿ ಮಾತ್ರ ಕದಲಲಿಲ್ಲ. “ಕೈಯಾಗೇ ಇರ್ಬೇಕು ಕಣಮ್ಮಿ. ಯಾವನೋ ಎತ್ಕಂಡ್ ಓದ್ರೆ ಎಂಗೆ?”

ಸುಕನ್ಯ ತನ್ನ ಫೋನನ್ನು ಅಣ್ಣನ ಬಲಗೈಗೆ ತುರುಕಿದಳು. “ಇಲ್ನೋಡು. ಈ ಚುಕ್ಕಿನೇ ಬಾಕು. ಎಲ್ಲೋದ್ರೂ ಇದ್ರಲ್ಲಿ ಕಾಣ್ತದೆ.”

ಅಜ್ಜಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ನೀಲಿ ಚುಕ್ಕಿ ಸಣ್ಣಗೆ ಜರುಗಿತು.

“ಅಂಗಾದ್ರೆ ಅದ್ನ ಬಿಡಬ್ಯಾಡ. ಬಿಟ್ಟೀಯಾ ಮತ್ತೆ!”

ಮೆಟ್ರೊ ಗಾಡಿಯೊಳಗೆ ಕೆಂಪರಾಜ್ ಕಂಬಕ್ಕೆ ಒರಗಿ, ಫೋನನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ನಿಂತ. ಐಡಿ ಕಾರ್ಡಿನ ಹುಡುಗಿಯೊಬ್ಬಳು ಅಜ್ಜಿಗೆ ಸೀಟು ಬಿಟ್ಟಳು. ಕೆಳಗೆ ವ್ಯಾನುಗಳು, ಬಸ್ಸುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಅಜ್ಜಿ ಕಿಟಕಿಯತ್ತ ತಿರುಗಲೂ ಇಲ್ಲ.

“ಎಲ್ಲೈತೆ?”

“ಬೆನ್ನಿಗಾನಹಳ್ಳಿ ದಾಟ್ತು.”

“ಈಗ?”

“ಬೈಯಪ್ಪನಹಳ್ಳಿ. ನಮಗಿಂತ ಮುಂದಿದಾನೆ ಅಜ್ಜಿ.”

ಮದುಮಗಳು ಯಮುನಾಳ ಸಂದೇಶ ಪರದೆಯ ನೆತ್ತಿಯಲ್ಲಿ ಇಳಿಯಿತು: ‘ಸುಕ್ಕಿ, ನಿಮ್ಮಣ್ಣ ಬರ್ತಾನೋ ಇಲ್ವೋ? ಪುರೋಹಿತರು ನನ್ನ ಬಿಟ್ಟು ಗಡಿಯಾರ ನೋಡ್ತಾವ್ರೆ.’ ಕೆಂಪರಾಜ್ ಅದನ್ನು ಬೆರಳಲ್ಲಿ ಸರಿಸಿದ. ಅಡಿಯಲ್ಲಿದ್ದ ಚುಕ್ಕಿ ಇಂದಿರಾನಗರದ ಹತ್ತಿರ ನಿಂತಿತ್ತು. ಮುಂದಿನ ನಿಲ್ದಾಣ ಬಂತು, ಹೋಯಿತು. ಚುಕ್ಕಿ ಅಲ್ಲೇ ಇತ್ತು. ಕರೆ ಮಾಡಿದರೆ ತೌಹೀದ್ ಎತ್ತಲಿಲ್ಲ.

“ಎಲ್ಲೈತೆ?”

ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಆದರೆ ಅಲುಗದ ಚುಕ್ಕಿಯನ್ನು ತಿಳಿಯಲು ಅಕ್ಷರ ಬೇಕಿರಲಿಲ್ಲ. ಅವಳು ಮೊಮ್ಮಗನ ಬಲಗೈಯನ್ನು ಫೋನಿನ ಸಮೇತ ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

ಹಲಸೂರಿನಲ್ಲಿ ಇಳಿದಾಗ ಹತ್ತು ಗಂಟೆ ಐದು ನಿಮಿಷ. ಚುಕ್ಕಿ ಇಂದಿರಾನಗರದಲ್ಲೇ ಇತ್ತು.

“ಅಜ್ಜಿ, ನಾನು ಹೋಗ್ಲೇಬೇಕು,” ಎಂದ ಕೆಂಪರಾಜ್. “ಅವಳು ಅಲ್ಲಿ ಕಾಯ್ತಾ ಕೂತವ್ಳೆ.”

ಅಜ್ಜಿಯ ಹಿಡಿತ ಸಡಿಲವಾಗಲಿಲ್ಲ. ಹಾಗೇ ಮೂವರೂ ಚಲಿಸುವ ಮೆಟ್ಟಿಲಿನಲ್ಲಿ ಕೆಳಗಿಳಿದರು.

“ಏನಣ್ಣ ಇಷ್ಟೊತ್ತು? ಹತ್ತು ನಿಮಿಷ ಆಯ್ತು ನಾನು ಬಂದು!”

ಹೂವಿನವಳ ಬುಟ್ಟಿಯ ಪಕ್ಕದಲ್ಲಿ ತೌಹೀದ್ ನಿಂತಿದ್ದ. ಎದೆಗವಚಿದ ಹಳದಿ ಚೀಲ. ಕೆಂಪರಾಜ್ ಅವನನ್ನು ನೋಡಿ, ಪರದೆಯನ್ನು ನೋಡಿ, ಮತ್ತೆ ಅವನನ್ನು ನೋಡಿದ.

“ನೀವು ಇಂದಿರಾನಗರದಲ್ಲಿದೀರಲ್ಲ ಇನ್ನೂ!”

“ಆ್ಯಪ್ ಹ್ಯಾಂಗ್ ಆಗೋಗಿದೆ. ಫೋನೂ ಸತ್ತೋಯ್ತು. ನಾನು ಬದುಕಿದೀನಲ್ಲ, ತಗೊಳ್ಳಿ.”

ಅಜ್ಜಿಯೇ ಟವಲು ಬಿಚ್ಚಿದಳು. ಹಿಡಿ, ಅಲಗು, ನಿಂಬೆಹಣ್ಣು, ಒಂದೊಂದನ್ನೂ ಮುಟ್ಟಿದಳು. ಬಾಕುವನ್ನು ಮೊಮ್ಮಗನ ಅಂಗೈಗಿಟ್ಟು ಬೆರಳುಗಳನ್ನು ತಾನೇ ಮಡಚಿದಳು. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು.

“ಓಡ್ರಪ್ಪ ನೀವು. ನನ್ ಮಂಡಿ ಬರಾಕಿಲ್ಲ.”

ಅಣ್ಣ ತಂಗಿ ಓಡಿದರು. ಪಂಚೆಯ ತುದಿ ಒಂದು ಕೈಯಲ್ಲಿ, ಬಾಕು ಇನ್ನೊಂದರಲ್ಲಿ. ಆಟೊಗಳು ತಾವಾಗಿಯೇ ದಾರಿ ಬಿಟ್ಟವು.

“ಅಜ್ಜಿ, ಬನ್ನಿ, ಹತ್ತಿ,” ಎಂದ ತೌಹೀದ್.

“ಜನಾನ ಕೂರಿಸ್ಕಂಬಾರ್ದಂತಲ್ಲಪ್ಪ? ಪೊಲೀಸ್ನೋರು ಇಡ್ಕಂಡ್ರೆ?”

“ಬಾಡಿಗೆ ತಗೊಂಡ್ರೆ ತಾನೆ ಹಿಡಿಯೋದು? ನಮ್ಮಮ್ಮನ್ನ ಕರ್ಕೊಂಡು ಹೋಗ್ತಿದೀನಿ ಅಂತೀನಿ.”

ತನ್ನ ಹೆಲ್ಮೆಟ್ಟನ್ನು ಬಿಚ್ಚಿ ಅವಳ ತುರುಬು, ಮಲ್ಲಿಗೆ ಎಲ್ಲದರ ಮೇಲೆ ಇಳಿಸಿದ. ಅವಳು ಒಂದೇ ಬದಿಗೆ ಕೂತು ಅವನ ಭುಜ ಹಿಡಿದಳು. ಎರಡು ರಸ್ತೆ ದಾಟುವಷ್ಟರಲ್ಲಿ ವಾಲಗದ ಸದ್ದು ನೀರಿನಡಿಯಿಂದ ಬಂದಂತೆ ಕೇಳಿಸಿತು.

ಛತ್ರದ ಬಾಗಿಲಲ್ಲಿ ಜನ ಎದ್ದು ನಿಂತಿದ್ದರು. ಅವರ ಕಂಕುಳ ಸಂದಿಯಲ್ಲಿ ನುಗ್ಗಿ ಅವಳು ಮುಂದಿನ ಸಾಲಿಗೆ ಬಂದಳು. ಕೆಂಪರಾಜ್ ಬಾಕುವನ್ನು ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈಗಳನ್ನು ಯಮುನಾಳ ಕೊರಳ ಹಿಂದೆ ಒಯ್ಯುತ್ತಿದ್ದ. ಗಟ್ಟಿಮೇಳ ಎದ್ದಿತು. ಹಿಂದಿನಿಂದ ತೂರಿದ ಅಕ್ಷತೆ ದೊಡ್ಡಮುನಿಯಮ್ಮನ ಹೆಲ್ಮೆಟ್ಟಿನ ಮೇಲೆ ಪಟಪಟ ಬಿದ್ದು, ಗಾಜಿನ ಮೇಲೆ ಜಾರಿ, ಸೆರಗಿನೊಳಕ್ಕೆ ಇಳಿಯುತ್ತಲೇ ಇತ್ತು.