ಅಡುಗೆಮನೆಯ ಸ್ವಾಹಿಲಿ

ಉಗುರಿಗೆ ನೀಲಿ ಬಣ್ಣ ಹಚ್ಚಿದ್ದಾಳೆ ಈ ಅಧಿಕಾರಿ ಹುಡುಗಿ, ನನ್ನ ಪೌರತ್ವದ ಅರ್ಜಿಯ ಹಾಳೆ ಒಂದೊಂದಾಗಿ ಮಗುಚುತ್ತಿದ್ದಾಳೆ, ಹೆಸರು ಕಾತ್ಯಾಯಿನಿ, ಹುಟ್ಟಿದ್ದು ಮೈಸೂರು, ಇತಿಹಾಸದ ಅಧ್ಯಾಪಕಿ, ನೈರೋಬಿಯಲ್ಲಿ ಇಪ್ಪತ್ತೊಂಬತ್ತು ವರ್ಷ — ಬರುವ ತಿಂಗಳು ನಿವೃತ್ತಿ, ಕೆಲಸ ಹೋದರೆ ಪರ್ಮಿಟ್ಟೂ ಹೋಯಿತು, ಇವಳು ಒಪ್ಪದಿದ್ದರೆ ಲಂಗಾಟಾದ ಮನೆ ಬಿಟ್ಟು ಹೊರಡಬೇಕು, ಎಲ್ಲಿಗೆ, ಮೈಸೂರಿನಲ್ಲಿ ಈಗ ನನಗೆ ಬಸ್ ನಂಬರೂ ಗೊತ್ತಿಲ್ಲ. ನನ್ನ ಗಂಡ ನರಸಿಂಹ ಇದ್ದಾಗಲೇ ಮುಗಿಸಬಹುದಿತ್ತು, ಇಂಡಿಯಾ ಪಾಸ್‌ಪೋರ್ಟ್ ಒಪ್ಪಿಸ್ಬೇಕಲ್ಲೇ, ಬರೋ ವರ್ಷ ನೋಡೋಣ, ಅನ್ನುತ್ತಲೇ ಹೋಗಿಬಿಟ್ಟರು ಪುಣ್ಯಾತ್ಮ. ನಾನು ಪಾಠದಲ್ಲಿ ಹೇಳುವ ಬಿಳಿಯರದೂ ಇದೇ ಕಥೆ, ಈ ದೇಶವನ್ನು ಎಳೆದೆಳೆದು ಬಿಟ್ಟುಕೊಟ್ಟರು, ಐವತ್ತೇಳರಲ್ಲಿ ಆಫ್ರಿಕನ್ನರಿಗೆ ಎಂಟು ಚುನಾಯಿತ ಸೀಟು, ಮರುವರ್ಷ ಹದಿನಾಲ್ಕು, ಅರವತ್ತರಲ್ಲಿ ಲಂಡನ್ನಿನ ಸಮ್ಮೇಳನ, ಅರವತ್ತಮೂರರ ಜೂನಿಗೆ ಒಳಾಡಳಿತ, ಡಿಸೆಂಬರಿಗೆ ಸ್ವಾತಂತ್ರ್ಯ — ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ, ಇವಳೂ ಮೊದಲು ಇಂಗ್ಲಿಷಿನಲ್ಲಿ ಅದನ್ನೇ ಕೇಳಿದಳು, ಗಡಗಡ ಒಪ್ಪಿಸಿದೆ, ನಕ್ಕಳು, ವೆರಿ ಗುಡ್ ಟೀಚರ್, ನೌ ಇನ್ ಸ್ವಾಹಿಲಿ, ಇಟ್ ಈಸ್ ದ ಲಾ.

ನನ್ನ ಸ್ವಾಹಿಲಿ ಎಂದರೆ ಲೇಟಾ, ತಗೊಂಡು ಬಾ, ಓಶಾ, ತೊಳಿ, ಫಾಗಿಯಾ, ಗುಡಿಸು, ಹರಕಾ, ಬೇಗ ಬೇಗ. ಮಗಳು ವಿಭಾ ಹೇಳಿದ್ದಳು, ಅಮ್ಮಾ ಯು ಓನ್ಲಿ ನೋ ಆರ್ಡರ್ಸ್, ದಟ್ಸ್ ಹೌ ದ ಸೆಟ್ಲರ್ಸ್ ಟಾಕ್ಡ್. ಮೈಯೆಲ್ಲ ಉರಿದಿತ್ತು, ಆ ಬಿಳಿಯರ ಹಾಗೆ ನಾನ್ಯಾರ ಜಮೀನು ಕಿತ್ಕೊಂಡು ಕಾಫಿ ತೋಟ ಮಾಡಿದೀನೇ, ಮೂರು ದಿನ ಅವಳೊಂದಿಗೆ ಮಾತು ಬಿಟ್ಟಿದ್ದೆ. ಈಗ ಈ ಅಧಿಕಾರಿ ಹುಡುಗಿಗೇ ನನ್ನ ಮೇಲೆ ಕನಿಕರ, ನಿಧಾನವಾಗಿ, ಮಗುವಿಗೆ ಕೇಳುವ ಹಾಗೆ, ಸ್ವಾಹಿಲಿಯಲ್ಲಿ ಕೇಳಿದಳು, ಮನೆಯಲ್ಲಿ ಜೊತೆಗೆ ಯಾರಿದ್ದಾರೆ. ಅರ್ಥವಾಯಿತು, ಸದ್ಯ, ಮ್ವೆಂಡೆ, ಅಂದೆ, ಕೆಲಸದವಳು, ಇಪ್ಪತ್ತೆರಡು ವರ್ಷದಿಂದ ಇದ್ದಾಳೆ — ಬೆಳಿಗ್ಗೆ ಈ ಸೀರೆ ಇಸ್ತ್ರಿ ಮಾಡಿಕೊಟ್ಟವಳೂ ಅವಳೇ, ಗೇಟಿನ ತನಕ ಬಂದು, ದೇವರು ಒಳ್ಳೇದು ಮಾಡ್ಲಿ ಮಾಮಾ, ಅಮ್ಮಾ, ಅಂದಿದ್ದಳು. ಹುಡುಗಿ ಖುಷಿಯಾಗಿ ಪೆನ್ನು ತೆಗೆದುಕೊಂಡಳು, ಅನಾ ವಾಟೋಟೊ ವಂಗಾಪಿ, ಅವಳಿಗೆ ಮಕ್ಕಳೆಷ್ಟು. ಒಂದೊಂದು ಪದವೂ ಗೊತ್ತು ನನಗೆ. ಮ್ವೆಂಡೆ ಪ್ರತಿ ಡಿಸೆಂಬರಿನಲ್ಲಿ ಹತ್ತು ದಿನ ರಜ ಕೇಳುತ್ತಾಳೆ, ಯಾವತ್ತು ವಾಪಸ್ ಬರ್ತೀಯ ಎಂದಷ್ಟೇ ಕೇಳುತ್ತೇನೆ, ಯಾರನ್ನು ನೋಡಲು ಹೋಗುತ್ತಾಳೆ, ಗಂಡು ಮಗುವೋ ಹೆಣ್ಣೋ, ನನ್ನ ವಿಭಾಳಷ್ಟೇ ದೊಡ್ಡವಳೋ, ತನ್ನ ಮಗುವನ್ನು ಬಿಟ್ಟು ಬಂದು ನನ್ನ ಮಗಳನ್ನು ಸಾಕಿದಳೋ — ಮೂರು ಎಂದುಬಿಡಲೇ, ಯಾರು ಹೋಗಿ ನೋಡುತ್ತಾರೆ, ಮೂರು, ಟಾಟು, ಅಷ್ಟು ಹೇಳಿದರೆ ಮನೆ ಉಳಿಯುತ್ತದೆ, ಬಾಯಿ ತೆರೆದೆ, ಸಿಜುಯಿ, ಗೊತ್ತಿಲ್ಲ, ಅಂದೆ, ನಾಚಿಕೆಯಾಗುತ್ತಿದೆ ನನಗೆ, ಹುಡುಗಿ ನನ್ನನ್ನೇ ನೋಡುತ್ತಿದ್ದಾಳೆ, ಪೆನ್ನಿನ ತುದಿ ಹಾಳೆಗೆ ತಾಗಿಲ್ಲ, ಅವಳು ಬರೆಯುತ್ತಿಲ್ಲ, ಪೆನ್ನಿನ ತುದಿ, ಇನ್ನೂ ತಾಗಿಲ್ಲ