ಗಾಜಿನ ಬೀರುವಿನಲ್ಲಿ ಅಜ್ಜಿಯ ಕರಡಿಗೆ

ಕೈ ತೊಳೆದು ಊಟಕ್ಕೆ ಕೂರುವ ಮೊದಲು ಅಜ್ಜಿ ಅಭ್ಯಾಸದಂತೆ ಎದೆ ಮುಟ್ಟಿಕೊಂಡಳು. ಲಿಂಗದ ಬೆಳ್ಳಿ ಕರಡಿಗೆ ಇರಲಿಲ್ಲ. ಸವೆದು ತುಂಡಾದ ಶಿವದಾರ ಮಾತ್ರ ಕೊರಳಲ್ಲಿ ಜೋತಾಡುತ್ತಿತ್ತು.

ದಸರಾ ರಜೆಯೆಂದು ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮ, ನಾನು ಸಂತೇಬೆನ್ನೂರಿನಿಂದ ಹೊನ್ನಾಳಿಗೆ ಬಂದಿದ್ದೆವು. ಹಳೇ ಮನೆಯೊಂದರಲ್ಲಿ ಮಾಡಿರುವ ಮ್ಯೂಸಿಯಂ ನೋಡಿಕೊಂಡು, ಹೊಳೆ ದಂಡೆಯ ಹೊಂಗೆಮರದ ಕೆಳಗೆ ಆಗಷ್ಟೇ ಬುತ್ತಿ ಬಿಚ್ಚಿದ್ದೆವು.

ಕೊರಳಲ್ಲಿ ಲಿಂಗವಿಲ್ಲದೆ ಅಜ್ಜಿ ನೀರೂ ಮುಟ್ಟುವುದಿಲ್ಲ. ಸಿಗದಿದ್ದರೆ ಮಠಕ್ಕೆ ಹೋಗಿ ಸ್ವಾಮಿಗಳಿಂದ ಬೇರೆ ಕಟ್ಟಿಸಿಕೊಳ್ಳುವವರೆಗೂ ಉಪವಾಸ. ಅವಳಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ಬೇರೆ ನುಂಗಿದ್ದಳು.

"ನೀವು ಉಣ್ರೋ, ನಂದೇನು," ಎಂದು ಹೊಳೆ ಕಡೆ ತಿರುಗಿ ಕೂತಳು. ಯಾರಿಗೆ ತುತ್ತು ಇಳಿಯುತ್ತದೆ? ದಾರಿಯಲ್ಲಿ ಚಹಾಕ್ಕೆ ಇಳಿದಿದ್ದ ಕಡೆ ನೋಡಿ ಬರುತ್ತೇನೆಂದು ಚಿಕ್ಕಪ್ಪ ಕಾರು ತಿರುಗಿಸಿದ.

"ಹೇಮಾ, ನೀನು ಮ್ಯೂಸಿಯಂನಾಗೆ ಕೇಳು. ಬಾಯಿ ಬಿಟ್ಟು ಕೇಳಬೇಕು ಮತ್ತೆ, ಡೈರಿನಾಗೆ ಬರ್ಕಂಡಂಗಲ್ಲ," ಎಂದು ಹೊರಡುತ್ತಾ ನನಗೆ ಹೇಳಿದ.

ಮ್ಯೂಸಿಯಂ ಕಾಯುವ ಗೋಣೆಪ್ಪನವರ ಮುಂದೆ ನಿಂತು, ಕೇಳುವ ಬದಲು ಗೋಡೆಯ ಬೋರ್ಡು ಓದಿದೆ. ಸುಮ್ಮನೆ ಒಳಗೆ ಹೋಗಿ ನೆಲವೆಲ್ಲ ಹುಡುಕಿದೆ. ತಲೆ ಎತ್ತಿದರೆ, ಬೀಗ ಹಾಕಿದ ಗಾಜಿನ ಬೀರುವಿನಲ್ಲಿ, ಹಳೇ ಕರಡಿಗೆಗಳೆರಡರ ಪಕ್ಕ ನಮ್ಮದೂ ಕೂತಿತ್ತು. ಬೆಳಗಿನ ವಿಭೂತಿ ಇನ್ನೂ ಅಂಟಿಕೊಂಡಿತ್ತು.

"ಸರ್, ಅದು... ನಮ್ಮಜ್ಜೀದು."

"ಇಲ್ಲಿರೋದೆಲ್ಲ ಯಾರ್ದೋ ಅಜ್ಜೀದೇ ಕಣಮ್ಮ. ಬೀರು ಒರೆಸುವಾಗ ಬಿದ್ದಿರ್ಬೇಕು, ನೆಲದ ಮ್ಯಾಲೆ ಸಿಕ್ತು, ಎತ್ತಿ ಒಳಗಿಟ್ಟೀನಿ. ಕೇಳಿದೋರಿಗೆಲ್ಲ ಕೊಟ್ರೆ ನಾಳೆ ಬೀರು ಖಾಲಿ."

ಗುರುತು ಹೇಳೋಣವೆಂದರೆ ಮೂರೂ ಒಂದೇ ಥರ ಕಾಣುತ್ತಿದ್ದವು. ವಿಭೂತಿಯ ಮಾತು ಆ ಹೊತ್ತಿಗೆ ಹೊಳೆಯಲೇ ಇಲ್ಲ.

"ನೀವೇ ಬಂದು ನೋಡ್ರಿ. ಅಜ್ಜಿ ಉಂಡಿಲ್ಲ. ನಾವ್ಯಾರೂ ಉಂಡಿಲ್ಲ," ಎಂದೆ. ನನ್ನ ದನಿ ಅಷ್ಟು ಜೋರಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಅವರು ಗೊಣಗುತ್ತಾ ಬೀಗ ತೆಗೆದರು. ಕರಡಿಗೆಯನ್ನು ನನಗೆ ಕೊಡದೆ, ಮುಷ್ಟಿಯಲ್ಲಿ ಹಿಡಿದುಕೊಂಡೇ ನನ್ನ ಹಿಂದೆ ಬಂದರು.

ಮರದಡಿ ಬಡಿಸಿದ ರೊಟ್ಟಿ, ಎಣ್ಣೆಗಾಯಿ ಹಾಗೇ ಇದ್ದವು. ಚಿಕ್ಕಮ್ಮ ಸೆರಗಿನಿಂದ ನೊಣ ಓಡಿಸುತ್ತಿದ್ದಳು. ಅಜ್ಜಿ ಹೊಳೆ ಕಡೆಯೇ ಮುಖ ಮಾಡಿ ಕೂತಿದ್ದಳು. ಪಕ್ಕದಲ್ಲಿ ಅವಳು ಮುಟ್ಟದ, ತುಂಬಿದ ನೀರಿನ ಲೋಟ. ಗೋಣೆಪ್ಪ ಆ ಲೋಟವನ್ನು ನೋಡಿದರು. ಬಗ್ಗಿ ಕರಡಿಗೆಯನ್ನು ಅವಳ ಬೊಗಸೆಯಲ್ಲಿಟ್ಟರು.

ಅಜ್ಜಿ ಕಣ್ಣಿಗೊತ್ತಿಕೊಂಡಳು. ಚಿಕ್ಕಮ್ಮ ದಾರಕ್ಕೆ ಗಂಟು ಹಾಕಿ ಕೊರಳಿಗೆ ಕಟ್ಟಿದಳು. ಅಜ್ಜಿ ಗಟಗಟ ನೀರು ಕುಡಿಯುವುದನ್ನು ನೋಡುತ್ತಾ ನಾನು ನನ್ನ ತಟ್ಟೆ ಎಳೆದುಕೊಂಡೆ.

"ಕೂತ್ಕಳಪ್ಪ, ಎರಡು ರೊಟ್ಟಿ ತಿಂದು ಹೋಗು," ಎಂದಳು ಅಜ್ಜಿ.

"ಡ್ಯೂಟಿ ಐತಮ್ಮ."

"ಉಣ್ಣಾಕೆ ಎಷ್ಟೊತ್ತು ಬೇಕು? ನಿನ್ನ ಬೀರು ಎಲ್ಲಿಗೂ ಓಡಿಹೋಗಲ್ಲ."

ಗೋಣೆಪ್ಪ ಚಪ್ಪಲಿ ಬಿಟ್ಟು ಕೂತರು. ಅಷ್ಟರಲ್ಲಿ ಚಿಕ್ಕಪ್ಪನ ಫೋನ್ ಬಂತು. "ಇಲ್ಲೂ ಇಲ್ಲ ಕಣೆ."

"ಸಿಕ್ತು ಚಿಕ್ಕಪ್ಪ. ಅಜ್ಜಿ ಊಟಕ್ಕೆ ಕೂತಾಳೆ."

ಆ ಕಡೆ ಕಾರು ಸ್ಟಾರ್ಟ್ ಆದ ಸದ್ದು ಕೇಳಿಸಿತು. ಆಮೇಲೆ, "ನಂಗೂ ನಾಕು ಉಳಿಸ್ರೇ," ಎಂದ. ಗೋಣೆಪ್ಪ ಆಗಲೇ ಮೂರನೇ ರೊಟ್ಟಿಗೆ ಕೈ ಚಾಚಿದ್ದರು.